ನೊರೆಗೂ ಒಂದು ನ್ಯಾಯಮಂಡಳಿ ಬೇಕು

ವಿಧಾನಸೌಧದಲ್ಲೂ ಸೇಂಟ್ ಜಾರ್ಜ್ ಕೋಟೆಯಲ್ಲೂ ಕೂತು ನಮ್ಮನ್ನು ಆಳುತ್ತಿರುವ ಮಹನೀಯರಿಗೆ, ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಬಾಗಲೂರು ಸೀಮೆಯ ಮತದಾರನೊಬ್ಬನ ನಮಸ್ಕಾರಗಳು.

ಮೊದಲು ಅಭಿನಂದನೆ. ಕಾವೇರಿಗಾಗಿ ನೀವು ಕಚ್ಚಾಡುವುದನ್ನು ನೋಡುತ್ತಲೇ ಬೆಳೆದವರು ನಾವು. ಆದರೂ ಒಂದು ವಿಷಯದಲ್ಲಿ ಎರಡೂ ಸರ್ಕಾರಗಳಿಗೆ ಒಮ್ಮತ ಮೂಡಿದೆ: ದಕ್ಷಿಣ ಪಿನಾಕಿನಿಯ ನೊರೆ ತಮ್ಮದಲ್ಲ.

ಹೊಳೆಯ ವಿಚಾರ ನಿಮಗೆ ಮರೆತಿರಬಹುದು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಹೊಸಕೋಟೆ ದಾಟಿ, ಬೆಳ್ಳಂದೂರು ವರ್ತೂರು ಕೆರೆಗಳ ಕೋಡಿ ನೀರನ್ನೂ ಹೊಟ್ಟೆಗೆ ಹಾಕಿಕೊಂಡು ನಮ್ಮ ಕೊಡಿಯಾಳಂ ಬಳಿ ಗಡಿ ದಾಟುತ್ತದೆ. ಚೆಕ್‌ಪೋಸ್ಟ್ ಇಲ್ಲ, ಪರ್ಮಿಟ್ ಇಲ್ಲ. ಅಲ್ಲಿಂದ ಮುಂದೆ ಕೆಲವರಪಳ್ಳಿ ಅಣೆಕಟ್ಟು. ಅದರ ಪೂರ್ಣ ಮಟ್ಟ 44.28 ಅಡಿ. ಬೆಂಗಳೂರಿನಲ್ಲಿ ಎರಡು ದಿನ ಮಳೆ ಹೊಡೆದರೆ ಇಲ್ಲಿ ಷಟರ್ ಎತ್ತುತ್ತಾರೆ, ನೀರು ಬಂಡೆಗೆ ಬಡಿದು ಬೀಳುತ್ತದೆ, ಮಹಾನಗರದ ಬಟ್ಟೆ ಸೋಪು, ಪಾತ್ರೆ ಸೋಪೆಲ್ಲ ಎದ್ದು ನಿಲ್ಲುತ್ತದೆ. ಬೆಳಗ್ಗೆ ನೋಡಬೇಕು. ಆಳೆತ್ತರದ ನೊರೆ ಗಾಳಿಗೆ ಮುರಿದು ರಾಗಿ ಹೊಲದ ಬದುವಿನ ಮೇಲೆ ಕೂರುತ್ತದೆ. ಬಿಸಿಲೇರಿದ ಮೇಲೆ ಕಂದು ಬಣ್ಣದ ಜಿಡ್ಡಾಗಿ ಗರಿಗಳಿಗೆ ಅಂಟಿಕೊಳ್ಳುತ್ತದೆ. ನಂದಿಮಂಗಲದ ರಸ್ತೆ ಮುಚ್ಚಿಹೋದಾಗ ಬೈಕಿನವರು ಸೇತುವೆಯ ಅಂಚು ಎಲ್ಲಿದೆ ಎಂದು ಕಾಲಿನಿಂದ ತಡಕುತ್ತಾರೆ. ವಾಸನೆಯನ್ನು ಬರೆದು ತಿಳಿಸಲಾಗದು. ನಮ್ಮ ಬೀದಿಯ ಅಜ್ಜಿಯೊಬ್ಬರು ಹೇಳಿದ್ದನ್ನಷ್ಟೇ ತಿಳಿಸುತ್ತೇನೆ: "ಬಟ್ಟೆ ಒಗೆದೋರು ಯಾರೋ, ಜಾಲಿಸ್ತಿರೋರು ನಾವು."

ಈಗ ಇದೇ ಕೃಷ್ಣಗಿರಿ ಜಿಲ್ಲೆಯ ಇನ್ನೊಂದು ಮೂಲೆಗೆ ಬನ್ನಿ. ಅಲ್ಲಿ ಬಿಳಿಗುಂಡ್ಲು ಇದೆ. ಕರ್ನಾಟಕದಿಂದ ಬರುವ ಕಾವೇರಿಯನ್ನು ಅಳೆಯುವುದು ಅಲ್ಲೇ. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ವರ್ಷಕ್ಕೆ 177.25 ಟಿಎಂಸಿ ಎಂದು ದಶಾಂಶದ ಸಮೇತ ಹೇಳಿತು. ಅಲ್ಲಿ ನೀರು ಒಂದು ಗೇಣು ಇಳಿದರೆ ದಿಲ್ಲಿಯಲ್ಲಿ ಸಭೆ, ಮಂಡ್ಯದಲ್ಲಿ ಬಂದ್, ತಂಜಾವೂರಿನಲ್ಲಿ ಧರಣಿ. ಬಾಗಲೂರಿನ ಹೊಳೆಗೆ ಆ ಯೋಗವಿಲ್ಲ.

ಹಾಗಾಗಿ ನನ್ನದೊಂದು ಸಲಹೆ. ನೊರೆಯನ್ನೂ ಟಿಎಂಸಿ ಲೆಕ್ಕಕ್ಕೆ ತೆಗೆದುಕೊಳ್ಳಿ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ; ಘನ ಅಡಿಯೊಳಗೆ ಎಷ್ಟು ನೀರು, ಎಷ್ಟು ಗಾಳಿ ಎಂದು ಕೇಳುವವರು ಯಾರು? ಒಂದೇ ಮಳೆಗಾಲದಲ್ಲಿ ಕರ್ನಾಟಕದ ಬಾಕಿ ಚುಕ್ತಾ, ತಮಿಳುನಾಡಿಗೂ ಕೈತುಂಬ ಸಿಕ್ಕಂತೆ. ಹೊಳೆ ಬೇರೆ, ಕಣಿವೆ ಬೇರೆ ಎಂದು ವಕೀಲರು ತಕರಾರು ತೆಗೆಯಬಹುದು. ತೆಗೆಯಲಿ, ಅವರದೂ ಹೊಟ್ಟೆಪಾಡು.

ಬೆಂಗಳೂರಿನ ಮಹನೀಯರೇ, ನಿಮ್ಮನ್ನು ಪೂರ್ತಿ ದೂರುವುದು ಅನ್ಯಾಯ. 2018ರಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಪಂಪ್ ಮಾಡಲು ಶುರು ಮಾಡಿದಿರಿ. ಸಾಲದು, ಮೂರನೇ ಹಂತದ ಶುದ್ಧೀಕರಣವೂ ಬೇಕೆಂದು ಕೋಲಾರದವರು ಕೂಗಿದರು. ಅವರು ಕೂಗಬಹುದು, ಅವರ ವೋಟು ನಿಮ್ಮ ಪೆಟ್ಟಿಗೆಗೇ ಬೀಳುತ್ತದೆ. ನಮ್ಮದು ಬೀಳುವುದಿಲ್ಲ. ಕೊಳಚೆ ಬಿಡುವ ಊರಿಗೂ ಅದನ್ನು ಕುಡಿಯುವ ಊರಿಗೂ ನಡುವೆ ಒಂದು ರಾಜ್ಯದ ಗಡಿ ಬಿದ್ದರೆ ಎಷ್ಟು ಅನುಕೂಲ ನೋಡಿ! ನವೆಂಬರ್ ಬಂದರೆ ಗಡಿನಾಡ ಕನ್ನಡಿಗರೆಂದು ಕರೆದು ಶಾಲು ಹೊದಿಸುತ್ತೀರಿ. ಕಾವೇರಿ ಗಲಾಟೆ ಎದ್ದರೆ ಅದೇ ಕನ್ನಡಿಗನ ಗಾಡಿಯ ಟಿಎನ್-70 ನಂಬರ್ ನೋಡಿ ಅತ್ತಿಬೆಲೆಯಲ್ಲಿ ಗಾಜಿಗೆ ಕಲ್ಲು ಬೀಳುತ್ತದೋ ಎಂದು ನಾವು ಮನೆಯಲ್ಲೇ ಉಳಿಯುತ್ತೇವೆ.

ಚೆನ್ನೈನ ಮಹನೀಯರೇ, ನೀವೂ ಕೈಕಟ್ಟಿ ಕೂತಿಲ್ಲ. ಇದೇ ಪಿನಾಕಿನಿಯ ವಿಚಾರದಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದಿರಿ. ಆದರೆ ಅಲ್ಲಿ ದೊಡ್ಡ ದನಿಯಲ್ಲಿ ವಾದಿಸಿದ್ದು ಯರಗೋಳಿನಲ್ಲಿ ಮಾರ್ಕಂಡೇಯ ಹೊಳೆಗೆ ಕರ್ನಾಟಕ ಕಟ್ಟಿದ ಅಣೆಕಟ್ಟಿನ ಬಗ್ಗೆ. ನೀರು ಕಡಿಮೆ ಬರುತ್ತದೆ ಎಂಬ ದೂರಿಗೆ ದೊಡ್ಡ ವಕೀಲರು ಸಿಗುತ್ತಾರೆ; ಬಂದ ನೀರು ನಾರುತ್ತದೆ ಎಂಬ ದೂರಿಗೆ ಸ್ಯಾಂಪಲ್ ಬಾಟಲಿ ಹಿಡಿದ ಒಬ್ಬ ಸಿಬ್ಬಂದಿ. ಹೊಸೂರು ಕೈಗಾರಿಕೆಗಳ ಮೋರಿಗಳ ಮಾತೆತ್ತಿದರೆ ಆತನೂ ಬಾಟಲಿಯ ಮುಚ್ಚಳ ತಿರುಗಿಸಿ ಹೊರಟುಬಿಡುತ್ತಾನೆ.

ನಮಗೆ ವಿಮಾನ ನಿಲ್ದಾಣವನ್ನಂತೂ ಕೊಡುತ್ತೀರಂತೆ. 2024ರ ಜೂನ್ 27ರಂದು ವಿಧಾನಸಭೆಯಲ್ಲೇ ಘೋಷಣೆಯಾಯಿತು: 2,000 ಎಕರೆ, ವರ್ಷಕ್ಕೆ 3 ಕೋಟಿ ಪ್ರಯಾಣಿಕರು. ಅಂದಿನಿಂದ ನಮ್ಮ ಕಡೆ ಹೊಲ ಉಳುವವರಿಗಿಂತ ಹೊಲ ತೋರಿಸುವವರೇ ಜಾಸ್ತಿ. ಬಾಗಲೂರಿನಿಂದ ಹೊಸೂರಿಗೆ ಹೋಗುವ ರಸ್ತೆಯ ಗುಂಡಿಗಳ ಬಗ್ಗೆ ಕೇಳಿದರೆ, ಹಾರಿ ಹೋಗುವ ಕಾಲ ಬರುತ್ತಿದೆ ಸುಮ್ಮನಿರಿ ಎನ್ನುತ್ತಾರೆ.

ಕೊನೆಯದಾಗಿ ಒಂದು ಆಹ್ವಾನ. ಎರಡೂ ಕಡೆಯವರ ಮುಂದಿನ ಮಾತುಕತೆಯನ್ನು ದಿಲ್ಲಿಯ ಎ.ಸಿ. ಕೋಣೆಯ ಬದಲು ನಂದಿಮಂಗಲದ ಸೇತುವೆಯ ಮೇಲೆ ಇಟ್ಟುಕೊಳ್ಳಿ. ಷಟರ್ ಎತ್ತಿದ ಮಾರನೇ ದಿನ, ಬೆಳಗ್ಗೆ ಏಳಕ್ಕೆ. ಭಾಷಾಂತರಕಾರರು ಬೇಡ, ನಮ್ಮಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ನಡೆಯುತ್ತವೆ. ಊಟದ ಖರ್ಚು ನಮ್ಮದು: ಮುದ್ದೆ, ಸೊಪ್ಪಿನ ಸಾರು. ಸೊಪ್ಪನ್ನು ಕೆಲವರಪಳ್ಳಿ ಕಾಲುವೆಯ ಕೆಳಗಿನ ತೋಟದಿಂದ ಅಂದೇ ಕಿತ್ತು ತರಿಸುತ್ತೇವೆ.

ಇಂತಿ,
ಬಾಗಲೂರಿನ ಒಬ್ಬ ರೈತ