ಐನ್‌ಸ್ಟೈನರ ತಪ್ಪು ಹುಡುಕುವವರ ಕೈಪಿಡಿ

ಕಪ್ಪುಕುಳಿಗಳನ್ನು ಡಿಕ್ಕಿ ಹೊಡೆಸುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿ. ಒಮ್ಮೆ ಡಿಕ್ಕಿಯಾದ ಮಾಲನ್ನು ವಾಪಸು ಪಡೆಯುವುದಿಲ್ಲ.

ಬೇಕಾಗುವ ಸಾಮಾನು

ಕಪ್ಪುಕುಳಿ ಎರಡು. ಒಂದು ಸೂರ್ಯನ 36 ಪಟ್ಟು, ಇನ್ನೊಂದು 29 ಪಟ್ಟು ತೂಗಿದರೆ ಒಳ್ಳೆಯದು. 2015ರ ಸೆಪ್ಟೆಂಬರ್ 14ರಂದು ಸಿಕ್ಕ ಮೊದಲ ಜೋಡಿಯದು ಸುಮಾರಾಗಿ ಇದೇ ಅಳತೆ. ಅವು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿರಲಿ. ಇವತ್ತೇ ಫಲಿತಾಂಶ ಬೇಕೆನ್ನುವವರು 130 ಕೋಟಿ ವರ್ಷ ಮುಂಚೆಯೇ ಕೆಲಸ ಶುರು ಮಾಡಿರಬೇಕು.

ಜೊತೆಗೆ, ಡಿಕ್ಕಿಯಿಂದ ಹೊರಡುವ ಗುರುತ್ವ ಅಲೆಗಳನ್ನು ಹಿಡಿಯಲು, ನಾಲ್ಕು ಕಿಲೋಮೀಟರ್ ಉದ್ದದ ಜೋಡಿ ತೋಳಿನ ಯಂತ್ರ ಎರಡು. ಒಂದು ಅಮೆರಿಕದ ಹ್ಯಾನ್‌ಫರ್ಡ್‌ನಲ್ಲಿ, ಇನ್ನೊಂದು 3,000 ಕಿ.ಮೀ. ಆಚೆ ಲಿವಿಂಗ್‌ಸ್ಟನ್‌ನಲ್ಲಿ. ಒಂದರಲ್ಲೇ ಸುಧಾರಿಸೋಣ ಎಂದು ಜಿಪುಣತನ ಮಾಡಬೇಡಿ. ಅಲೆ ಬಂದಾಗ ತೋಳು ಹಿಗ್ಗಿ ಕುಗ್ಗುವುದು ಪ್ರೋಟಾನಿನ ಅಗಲದ ನೂರನೇ ಒಂದು ಪಾಲಿಗಿಂತಲೂ ಕಡಿಮೆ; ಅಷ್ಟಕ್ಕೆ ಒಂದೇ ಯಂತ್ರದ ಮಾತನ್ನು ನಂಬಲಾಗದು.

ಮೊದಲ ಕೆಲಸ: ಅನುಮಾನ ಪಡುವುದು

ಐನ್‌ಸ್ಟೈನರ ಮೇಲಲ್ಲ, ನಿಮ್ಮ ಯಂತ್ರದ ಮೇಲೆ, ಆಮೇಲೆ ನಿಮ್ಮವರ ಮೇಲೆ. 2010ರಲ್ಲಿ ಈ ಯಂತ್ರಗಳನ್ನು ನಡೆಸುವ ತಂಡದೊಳಗಿನ ಕೆಲವೇ ಮಂದಿ ಗುಟ್ಟಾಗಿ ಒಂದು ಸುಳ್ಳು ಸಂಕೇತವನ್ನು ಸೇರಿಸಿಟ್ಟಿದ್ದರು. ಉಳಿದವರು ತಿಂಗಳುಗಟ್ಟಲೆ ಬೆವರು ಸುರಿಸಿ ಪ್ರಬಂಧ ಬರೆದ ಮೇಲೆ, 2011ರಲ್ಲಿ, ಲಕೋಟೆ ಒಡೆದು ನಿಜ ಹೇಳಿದರು. ಹಾಗಾಗಿ 2015ರ ಅಸಲಿ ಸಂಕೇತವನ್ನು ಜರ್ಮನಿಯ ಹ್ಯಾನೋವರ್‌ನಲ್ಲಿ ಮೊದಲು ಕಂಡ ಮಾರ್ಕೊ ಡ್ರಾಗೊ ಕೂಡ ಇದನ್ನೂ ಯಾರೋ ತುರುಕಿರಬೇಕು ಅಂದುಕೊಂಡರು.

ಹಕ್ಕಿಗಳ ಮೇಲೂ ಕಣ್ಣಿರಲಿ. 2017ರಲ್ಲಿ ಹ್ಯಾನ್‌ಫರ್ಡ್ ಯಂತ್ರದಲ್ಲಿ ಕಾಣಿಸಿದ ವಿಚಿತ್ರ ಸದ್ದನ್ನು ಬೆನ್ನುಹತ್ತಿ ಹೋದರೆ, ಹೊರಗಿನ ಕೊಳವೆಗೆ ಕಟ್ಟಿದ ಮಂಜುಗಡ್ಡೆಯನ್ನು ದೊಡ್ಡ ಕಾಗೆಗಳು ಕುಕ್ಕುತ್ತಿದ್ದವು. ಬಾಯಾರಿದ ಕಾಗೆಯ ಕತೆಯನ್ನು ನಾವು ಒಂದನೇ ಕ್ಲಾಸಿನಲ್ಲಿ ಓದಿದೆವು, ಅವರು ದತ್ತಾಂಶದಲ್ಲಿ ಓದಿದರು.

ಮುಖ್ಯ ವಿಧಾನ

ಸಂಕೇತವನ್ನು ಎರಡು ತುಂಡು ಮಾಡಿ. ಕುಳಿಗಳು ಸುತ್ತುತ್ತ ಹತ್ತಿರವಾಗುವ ಭಾಗ ಒಂದು; ಕೂಡಿ ಒಂದಾಗಿ, ನಡುಗಿ, ತಣ್ಣಗಾಗುವ ಭಾಗ ಇನ್ನೊಂದು. ಎಲ್ಲ ಸೇರಿದರೂ ಒಂದು ಸೆಕೆಂಡಿನ ಐದನೇ ಒಂದು ಪಾಲು, ಹುಷಾರಾಗಿ ಕತ್ತರಿಸಿ. ಒಂದೇ ಕೇಸಿನ ಇಬ್ಬರು ಸಾಕ್ಷಿಗಳನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸುವ ಪೊಲೀಸರ ಹಾಗೆ ಈ ತುಂಡುಗಳನ್ನು ವಿಚಾರಿಸಿಕೊಳ್ಳಬೇಕು. ಕೊನೆಗೆ ಉಳಿಯುವ ಕುಳಿಯ ತೂಕವೆಷ್ಟು, ಗಿರಕಿಯೆಷ್ಟು ಎಂದು ಮೊದಲ ತುಂಡು ಮುಂಗಡವಾಗಿ ಹೇಳುತ್ತದೆ. ಎರಡನೆಯದು ತನ್ನ ಪಾಡಿಗೆ ತಾನು ಹೇಳುತ್ತದೆ. ತಾಳೆಯಾಗದಿದ್ದರೆ ಐನ್‌ಸ್ಟೈನರ ಗುರುತ್ವ ಸಿದ್ಧಾಂತ ಕಟಕಟೆಗೆ. ಈ ಪರೀಕ್ಷೆಯನ್ನು ರೂಪಿಸಿದವರು ಬೆಂಗಳೂರಿನ ಐಸಿಟಿಎಸ್ ಸಂಶೋಧನಾ ಸಂಸ್ಥೆಯ ಪರಮೇಶ್ವರನ್ ಅಜಿತ್ ಮತ್ತು ಜೊತೆಗಾರರು. 2015ರ ಸಂಕೇತದಲ್ಲಿ ಎರಡೂ ಹೇಳಿಕೆ ಒಂದಕ್ಕೊಂದು ಹೊಂದಿದವು: ಉಳಿದದ್ದು 62 ಸೂರ್ಯರ ತೂಕ, ಮೂರು ಸೂರ್ಯರಷ್ಟು ಅಲೆಯಾಗಿ ಹೋಗಿತ್ತು.

ಸಂಕೇತದ ಬಾಲದಲ್ಲಿನ ಆ ನಡುಕಕ್ಕೂ ಬೆಂಗಳೂರಿನ ನಂಟಿದೆ. ಕಪ್ಪುಕುಳಿಗೆ ಅಲೆಯನ್ನು ತಾಕಿಸಿದರೆ ಅದು ತನ್ನದೇ ಕಂಪನಾಂಕದಲ್ಲಿ ನಡುಗಿ ಬೇಗನೆ ಅಡಗುತ್ತದೆ ಎಂದು 1970ರಲ್ಲೇ ಲೆಕ್ಕ ಹಾಕಿ ತೋರಿಸಿದವರು ಇದೇ ಊರಿನ ಸಿ.ವಿ. ವಿಶ್ವೇಶ್ವರ. ಆಗ ಕಪ್ಪುಕುಳಿ ಇದೆಯೋ ಇಲ್ಲವೋ ಎಂಬುದೇ ತಕರಾರಿನ ವಿಷಯ. ಮುಂದೆ ಜವಾಹರಲಾಲ್ ನೆಹರು ತಾರಾಲಯ ಕಟ್ಟಿ, ಶಾಲಾ ಮಕ್ಕಳಿಗೆ ಆಕಾಶ ತೋರಿಸಿದವರೂ ಅವರೇ. ಅಲೆ ಸಿಕ್ಕಿತೆಂಬ 2016ರ ಫೆಬ್ರುವರಿಯ ಘೋಷಣೆಯನ್ನು ಕೇಳಿಸಿಕೊಂಡು, ಮರುವರ್ಷ ಜನವರಿಯಲ್ಲಿ ತೀರಿಕೊಂಡರು. ಕೈಪಿಡಿಗಳಲ್ಲಿ ಇಂಥದ್ದನ್ನು ಬರೆಯುವ ವಾಡಿಕೆಯಿಲ್ಲ, ಇರಲಿ.

ನಡುಕದ ಸ್ವರವೂ ಅದು ಅಡಗುವ ವೇಗವೂ ಕುಳಿಯ ತೂಕ ಮತ್ತು ಗಿರಕಿಯನ್ನು ಮಾತ್ರ ಅವಲಂಬಿಸಿವೆ ಎನ್ನುತ್ತದೆ ಸಿದ್ಧಾಂತ. ಹಾಗಾದರೆ ಎರಡು ಸ್ವರ ಕೇಳಿಸಿದರೆ ಒಂದು ಇನ್ನೊಂದನ್ನು ತನಿಖೆ ಮಾಡಬಹುದು. 2025ರ ಜನವರಿ 14ರ ಸಂಕೇತ ಮೊದಲನೆಯದಕ್ಕಿಂತ ಸುಮಾರು ಮೂರು ಪಟ್ಟು ಸ್ಪಷ್ಟವಾಗಿತ್ತು. ಎರಡು ಸ್ವರ ಸಿಕ್ಕವು, ಹೊಂದಿದವು. ಕುಳಿಗಳ ಮೇಲ್ಮೈ ಒಟ್ಟು 2.4 ಲಕ್ಷ ಚದರ ಕಿ.ಮೀ.ಯಿಂದ ಸುಮಾರು 4 ಲಕ್ಷಕ್ಕೆ ಬೆಳೆದಿತ್ತು. ಅದು ಕುಗ್ಗುವಂತಿಲ್ಲ ಎಂದು ಹಾಕಿಂಗ್ 1971ರಲ್ಲಿ ಹೇಳಿದ್ದರು.

ತೊಂದರೆ ಮತ್ತು ಪರಿಹಾರ

ಐನ್‌ಸ್ಟೈನ್ ತಪ್ಪಿದಂತೆ ಕಂಡರೆ ಪತ್ರಿಕೆಯವರಿಗೆ ಫೋನ್ ಮಾಡಬೇಡಿ. ಕಕ್ಷೆ ಗುಂಡಗಿದೆ ಎಂದು ನೀವು ಊಹಿಸಿಕೊಂಡಿದ್ದು, ನಿಜದಲ್ಲಿ ಅದು ಮೊಟ್ಟೆಯಾಕಾರದ್ದೇ? ನಡುವೆ ಯಾವುದೋ ಗೆಲಾಕ್ಸಿ ಅಲೆಯನ್ನು ಬಗ್ಗಿಸಿತೇ? ಅದೇ ಕ್ಷಣದಲ್ಲಿ ಯಂತ್ರ ಕೆಮ್ಮಿತೇ? ನೂರು ಪರೀಕ್ಷೆ ಮಾಡಿದವರಿಗೆ ನೂರರಲ್ಲಿ ಒಮ್ಮೆ ಆಗುವ ಅಚ್ಚರಿ ಒಂದಾದರೂ ಎದುರಾಗುವ ಸಂಭವವೇ ಹೆಚ್ಚು.

ಇನ್ನೊಂದು ಗುಮಾನಿ ಹೀಗೆ ಹೋಗುವುದಲ್ಲ. ಐನ್‌ಸ್ಟೈನರ ಸಮೀಕರಣದಿಂದಲೇ ಮಾಡಿದ ಅಚ್ಚುಗಳನ್ನು ಹಿಡಿದು ಹುಡುಕಿದರೆ ಅವರಿಗೆ ಒಪ್ಪುವ ಅಲೆಗಳೇ ತಾನೇ ಹೆಚ್ಚು ಸಿಗುವುದು? ಅದಕ್ಕೇ ಇಂಥದ್ದೇ ಆಕಾರ ಬೇಕೆಂದು ಹಠ ಹಿಡಿಯದ ಹುಡುಕಾಟವೂ ಜೊತೆಯಲ್ಲಿ ನಡೆಯುತ್ತಿರಬೇಕು. 2015ರ ಸಂಕೇತ ಮೊದಲು ಬಿದ್ದದ್ದು ಆ ಬಲೆಗೇ.

ಹೆಚ್ಚುವರಿ ಬಿಡಿಭಾಗ: ಅಮೆರಿಕದ ಎರಡೂ ಯಂತ್ರಗಳ ತೋಳುಗಳು ಬಹುಪಾಲು ಒಂದೇ ಭಂಗಿಯಲ್ಲಿರುವುದರಿಂದ ಅಲೆ ಯಾವ ಯಾವ ರೀತಿಯಲ್ಲಿ ಎಳೆಯುತ್ತದೆ ಎಂಬುದನ್ನು ಅವಷ್ಟೇ ಬಿಡಿಸಿ ಹೇಳಲಾರವು. ಇಟಲಿಯ ವರ್ಗೊ ನೆರವಿಗಿದೆ. ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಇನ್ನೊಂದನ್ನು ಕಟ್ಟಲು ಕೇಂದ್ರ ಸಂಪುಟ 2023ರಲ್ಲಿ ಒಪ್ಪಿಗೆ ಕೊಟ್ಟಿದೆ. ಅಲ್ಲಿಯೂ ಕಾಗೆಗಳಿವೆ.