ಅತ್ತೆಯ ಸೀರೆ, ವಿಮಾನದ ಕಿಟಕಿ

ಅಮೆರಿಕದ ಕಾನೂನು ನನ್ನ ಮೇಲೆ ಇಟ್ಟಿರುವಷ್ಟು ನಂಬಿಕೆ ನನ್ನ ಹೆಂಡತಿಗಿಲ್ಲ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕಿದರೂ "ರೀ, ನೀವು ಮುಟ್ಬೇಡಿ, ಪ್ಲಂಬರ್‌ನ ಕರೀರಿ" ಅನ್ನುತ್ತಾಳೆ. ಫೆಡರಲ್ ವಿಮಾನ ನಿಯಮಾವಳಿಯ 43ನೇ ಭಾಗ, ಅನುಬಂಧ ಎ ಹಾಗಲ್ಲ. ಲೈಸೆನ್ಸ್ ಇರುವ ಪೈಲಟ್ ತನ್ನ ಸಣ್ಣ ವಿಮಾನದ ಪಕ್ಕದ ಕಿಟಕಿಗಳನ್ನು ತಾನೇ ಬದಲಿಸಿಕೊಳ್ಳಲಿ, ಚೌಕಟ್ಟಿಗೂ ಕಂಟ್ರೋಲು, ವೈರುಗಳಿಗೂ ಧಕ್ಕೆಯಾಗದಿದ್ದರೆ ಸಾಕು ಎನ್ನುತ್ತದೆ. ಮುಂದಿನ ಗಾಜಿಗೆ ಮಾತ್ರ ಈ ರಿಯಾಯಿತಿ ಇಲ್ಲ.

ವಿಮಾನ ಅಂದೊಡನೆ ಹುಬ್ಬೇರಿಸಬೇಡಿ. 1968ರ ಪೈಪರ್ ಚೆರೋಕಿ, ಒಂದೇ ಬಾಗಿಲು, ಮೂವರು ಗೆಳೆಯರ ಪಾಲು. ಫೀನಿಕ್ಸಿನ ಬಿಸಿಲಿಗೆ ಕಿಟಕಿಗಳು ಮೊದಲೇ ಬಾಡಿದ್ದವು. ಅಂಥವಕ್ಕೆ ನಾನು ಮನೆಯ ಕನ್ನಡಿ ಒರೆಸುವ ಅಮೋನಿಯಾ ದ್ರವ ಸಿಂಪಡಿಸಿ, ಪೇಪರ್ ಟವೆಲಿನಲ್ಲಿ ತಿಕ್ಕಿದೆ. ವಿಮಾನದ ಕಿಟಕಿ ಗಾಜಲ್ಲ, ಅಕ್ರಿಲಿಕ್. ಅಮೋನಿಯಾ ಅದಕ್ಕೆ ವಿಷ. ಸೂರ್ಯನತ್ತ ತಿರುಗಿದರೆ ಕಿಟಕಿಯ ತುಂಬಾ ಜೇಡರ ಬಲೆಯಂಥ ಬಿರುಕು. ಬದಲಿಸದೆ ವಿಧಿಯಿಲ್ಲ.

ಆ ಹೊತ್ತಿಗೆ ತಿಪಟೂರಿನಿಂದ ಅತ್ತೆ-ಮಾವ ಆರು ತಿಂಗಳಿಗೆ ಬಂದಿದ್ದರು. ಮಾವ ನಿವೃತ್ತ ಪಿಡಬ್ಲ್ಯುಡಿ ಜೂನಿಯರ್ ಎಂಜಿನಿಯರ್. ಹ್ಯಾಂಗರಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಕಾಮಗಾರಿ ತಾನಾಗಿಯೇ ಅವರ ಸುಪರ್ದಿಗೆ ಹೋಯಿತು.

ಒಳಗಿನ ಪಟ್ಟಿಗಳ ಸ್ಕ್ರೂ ಬಿಚ್ಚಿ ಹಳೆಯ ಕಿಟಕಿ ತೆಗೆದದ್ದು ಸುಲಭ. ಅಂಚಿನಲ್ಲಿ ಐವತ್ತು ವರ್ಷದ ಅಂಟು, ಹಾಲು ಹೊತ್ತಿದ ತಪ್ಪಲೆಯ ತಳದ ಹಾಗೆ. ಲೋಹದಿಂದ ಕೆರೆದರೆ ಚೌಕಟ್ಟಿಗೆ ಗೀರು. ಮನೆಯಿಂದ ದೋಸೆ ಮಗುಚುವ ಮರದ ಕೈ ಕದ್ದು ತಂದೆ. ಅಂದು ರಾತ್ರಿ ದೋಸೆಯ ಬದಲು ಉಪ್ಪಿಟ್ಟು ಯಾಕಾಯಿತೆಂದು ಯಾರೂ ಕೇಳಲಿಲ್ಲ, ನಾನಂತೂ ಕೇಳಲಿಲ್ಲ.

ಹಳೆಯದನ್ನು ಹೊಸದರ ಮೇಲಿಟ್ಟು ಗುರುತು ಹಾಕಿ, ಅಂಚು ಉಜ್ಜಿ ಉಜ್ಜಿ ಅಳತೆಗೆ ತಂದೆ. ಕೂರಿಸಿದಾಗ ಸುತ್ತ ಸಣ್ಣ ಸಂದು ಉಳಿಯಿತು. ಬಿಸಿಲಿಗೆ ಅಕ್ರಿಲಿಕ್ ಹಿಗ್ಗುತ್ತದೆ, ಜಾಗ ಬಿಡದಿದ್ದರೆ ಬಿರಿಯುತ್ತದೆ ಎಂದು ನಾನು ವಿವರಿಸುವ ಮೊದಲೇ ಮಾವ ಕೈಯೆತ್ತಿದರು: "ಗೊತ್ತು ಬಿಡಿ. ಸೇತುವೆಗೆ ಎಕ್ಸ್‌ಪ್ಯಾನ್ಷನ್ ಜಾಯಿಂಟ್ ಬಿಡ್ತೀವಲ್ಲ, ಅದೇ." ಹೆಂಡತಿಯ ಮನೆಯವರೊಬ್ಬರು ನನ್ನ ಕೆಲಸದಲ್ಲಿ ಸಂದು ಕಂಡೂ ಒಪ್ಪಿದ್ದು ಅದೇ ಮೊದಲು.

ಹೊಸ ಕಿಟಕಿಗೆ ಅಂಟಿದ್ದ ತೆಳು ಹಾಳೆಯನ್ನು ಕೊನೆಗೆ ಕಿತ್ತಾಗ ಅತ್ತೆಗೆ ಸಂಕಟ. "ಇರ್ಲಿ ಬಿಡಿ ಅಳಿಯಂದ್ರೇ, ಹೊಸದು ಹೊಸದಾಗೇ ಇರುತ್ತೆ." ಅವರ ತಿಪಟೂರಿನ ಟೀವಿ ರಿಮೋಟು ಇಂದಿಗೂ ಪ್ಲಾಸ್ಟಿಕ್ಕಿನೊಳಗೇ ಇದೆ. ಆದರೂ ಒರೆಸಲು ಮೆದು ಬಟ್ಟೆ ಬೇಕೆಂದಾಗ ಚೀಲದಿಂದ ತಮ್ಮ ಹಳೆಯ ಹತ್ತಿ ಸೀರೆಯನ್ನೇ ತೆಗೆದು ಪರ್ರನೆ ಹರಿದುಕೊಟ್ಟರು. ಮೊದಲು ಧಾರಾಳ ನೀರು, ಆಮೇಲೆ ಸೀರೆ, ಮೇಲಿಂದ ಕೆಳಕ್ಕೆ; ಸುತ್ತಿ ಸುತ್ತಿ ತಿಕ್ಕುವಂತಿಲ್ಲ. ಒಂದು ಗೀರಿಲ್ಲ.

"ಎಂ.ಬಿ. ಬರೆದ್ರಾ?" ಎಂದರು ಮಾವ, ಪಿಡಬ್ಲ್ಯುಡಿಯ ಮೆಷರ್‌ಮೆಂಟ್ ಬುಕ್ ನೆನೆದು. ಲಾಗ್‌ಬುಕ್ಕಿನಲ್ಲಿ ಏನು ಕೆಲಸ, ಯಾವ ತಾರೀಖು, ಸರ್ಟಿಫಿಕೇಟ್ ನಂಬರು, ಸಹಿ, ಎಲ್ಲ ಬರೆದು ತೋರಿಸಿದೆ. ಓದಿದರು. "ಚೆಕ್ ಮೆಷರ್‌ಮೆಂಟ್ ಯಾರು ಮಾಡೋದು?" ಅಳೆದು ನೋಡುವ ಮೇಲಧಿಕಾರಿ ಯಾರೂ ಇಲ್ಲ, ಹಾರುವವನೂ ನಾನೇ ಎಂದೆ. ಕುರ್ಚಿ ಮಡಚಿಟ್ಟರು. ಹಾರಲು ಬರಲಿಲ್ಲ.

ಇನ್ನೂ ಮೂರು ಕಿಟಕಿ ಬಾಕಿ. ಊರಿಂದ ಈ ಕಡೆ ಬರುವವರಿದ್ದರೆ ಒಂದು ಹಳೆಯ ಹತ್ತಿ ಸೀರೆ ತನ್ನಿ. ಜರಿ ಅಂಚಿನದು ಬೇಡ, ಗೀರು ಬೀಳುತ್ತದೆ.