ಅವರೋಹಣ ನಿರಾಕರಣ ಮೀಮಾಂಸೆ: ಇಳಿಯಲೊಲ್ಲದ ಡಿಸ್ಕನ್ನು ಕುರಿತು ಒಂದು ಬಹುಶಿಸ್ತೀಯ ಅಧ್ಯಯನ

ಡಿಸ್ಕನ್ನು ಗಣಕಕ್ಕೆ ಏರಿಸುವ ಕ್ರಿಯೆಯ ಬಗ್ಗೆ, ಅಂದರೆ ಆರೋಹಣದ ಬಗ್ಗೆ, ಲೋಕದಲ್ಲಿ ಕೈಪಿಡಿಗಳಿಗೆ ಬರವಿಲ್ಲ. ಇಳಿಸುವಾಗ ಅದು ಒಲ್ಲೆನೆಂದರೆ ಏನು ಮಾಡಬೇಕೆಂಬ ಬಗ್ಗೆ ಮಾತ್ರ ವಿದ್ವತ್ ವಲಯ ದಿವ್ಯ ಮೌನ ತಾಳಿದೆ. ಪ್ರಸ್ತುತ ಪ್ರಬಂಧವು ಆ ಮೌನವನ್ನು ಪ್ರಶ್ನಿಸುತ್ತದೆ, ಅದಕ್ಕೆ ಮುಖಾಮುಖಿಯಾಗುತ್ತದೆ, ಅನುದಾನ ಉಳಿದಿದ್ದರೆ ಒಡೆದು ಕಟ್ಟುತ್ತದೆ. ಈ ವಿದ್ಯಮಾನಕ್ಕೆ ನಾವು ‘ಅವರೋಹಣ ನಿರಾಕರಣ’ ಎಂದು ಹೆಸರಿಟ್ಟಿದ್ದೇವೆ. (ನಾವು ಎಂದರೆ ನಾನೊಬ್ಬನೇ. ಸಂಶೋಧಕ ಒಂಟಿಯಾಗಿದ್ದಷ್ಟೂ ಬಹುವಚನ ಗಟ್ಟಿಯಾಗಿರಬೇಕೆಂಬುದು ಸಂಪ್ರದಾಯ.)

ಮೀಮಾಂಸಕರ ಪ್ರಕಾರ ಒಂದು ಅಧಿಕರಣಕ್ಕೆ ಐದು ಅಂಗ: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ನಾವೂ ಅದೇ ಕ್ರಮ ಹಿಡಿಯುತ್ತೇವೆ. ಓದುಗರ ತಾಳ್ಮೆ ಈ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.

ವಿಷಯ. 1962ರಲ್ಲಿ ಐಬಿಎಂ ಸಂಸ್ಥೆ 1311 ಎಂಬ ಡ್ರೈವನ್ನು ಹೊರತಂದಿತು. ಹದಿನಾಲ್ಕು ಅಂಗುಲ ಅಗಲದ ಆರು ತಟ್ಟೆಗಳ ಪ್ಯಾಕು, ಸುಮಾರು ನಾಲ್ಕೂವರೆ ಕಿಲೊ ತೂಕ, ಅದರಲ್ಲಿ ಇಪ್ಪತ್ತು ಲಕ್ಷ ಅಕ್ಷರ. ಆ ಕಾಲಘಟ್ಟದಲ್ಲಿ ಆರೋಹಣವೆಂಬುದು ರೂಪಕವಾಗಿರಲಿಲ್ಲ, ರಟ್ಟೆಯ ಕೆಲಸವಾಗಿತ್ತು. ಆಪರೇಟರ್ ಪ್ಯಾಕನ್ನು ಎತ್ತಿ ತಂದು ಡ್ರೈವಿನೊಳಗೆ ಕೂರಿಸುತ್ತಿದ್ದ. ತೆಗೆಯಬೇಕಾದಾಗ ಸ್ವಿಚ್ಚು ಆರಿಸಿ, ತಟ್ಟೆಗಳು ತಿರುಗುವುದು ನಿಲ್ಲುವ ತನಕ ಕಾದು, ಎತ್ತಿಕೊಂಡು ಹೋಗುತ್ತಿದ್ದ. ‘ಅಯ್ಯೋ ತಡೀರಿ, ನನ್ನ ಲೆಕ್ಕ ಇನ್ನೂ ಮುಗಿದಿಲ್ಲ’ ಎನ್ನುವವನು ಅದೇ ಕೋಣೆಯಲ್ಲಿ ನಿಂತು ಕೂಗಬಹುದಿತ್ತು. ಆಧುನಿಕೋತ್ತರ ಅವರೋಹಣದಲ್ಲಿ ಕೂಗುವ ಆ ಮನುಷ್ಯ ಕಾಣೆಯಾಗಿದ್ದಾನೆ, ಕೂಗು ಮಾತ್ರ ಉಳಿದಿದೆ. ಇದೇ ನಮ್ಮ ಪ್ರಬಂಧದ ತಿರುಳು. ಆದರೆ ತಿರುಳನ್ನು ಎರಡನೆಯ ಪುಟದೊಳಗೆ ಬಿಟ್ಟುಕೊಡುವುದು ಸಂಶೋಧನಾ ಶಿಸ್ತಿಗೆ ಒಗ್ಗದ ಕಾರಣ ಈ ವಾಕ್ಯವನ್ನು ಹಿಂತೆಗೆದುಕೊಂಡಿದ್ದೇವೆ.

ಸಂಶಯ. ಡಿಸ್ಕ್ ತಾನಾಗಿ ಇಳಿಯುತ್ತಿಲ್ಲವೋ, ಯಾರಾದರೂ ಇಳಿಯಗೊಡುತ್ತಿಲ್ಲವೋ? ಜಡವಾದಿಗಳು ‘ವೈರು ಲೂಸಾಗಿದೆ’ ಎನ್ನುತ್ತಾರೆ. ಚೈತನ್ಯವಾದಿಗಳು ‘ಅದಕ್ಕೇನೋ ಆಗಿದೆ, ಒಂದು ಸಲ ರೀಸ್ಟಾರ್ಟ್ ಮಾಡಿ ನೋಡಿ’ ಎನ್ನುತ್ತಾರೆ. ಎರಡೂ ಪಂಥದವರು ಅಂತಿಮವಾಗಿ ಪ್ಲಗ್ಗಿನ ಕಡೆಗೇ ಕೈಚಾಚುವುದರಿಂದ ಈ ಭೇದ ಕೇವಲ ತಾತ್ವಿಕವಾದದ್ದು.

ಪೂರ್ವಪಕ್ಷ. ಇಲ್ಲಿ ನಾವು ಡಿಜಿಟಲ್ ಈಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ವ್ಯಾಕ್ಸ್ ಪರಂಪರೆಗೆ ಪ್ರವೇಶಿಸುತ್ತೇವೆ. ವ್ಯಾಕ್ಸ್ 11/780 ಲೋಕಕ್ಕೆ ಪರಿಚಯವಾದದ್ದು 1977ರ ಅಕ್ಟೋಬರ್ 25ರಂದು. ವಿಂಡೋಸ್ ಎಕ್ಸ್‌ಪಿ ಬಿಡುಗಡೆಯಾದದ್ದು 2001ರ ಅಕ್ಟೋಬರ್ 25ರಂದು. ನಡುವೆ ಎರಡು ಡಜನ್ ವರ್ಷ, ದಿನದ ಲೆಕ್ಕದಲ್ಲೂ ಹೆಚ್ಚುಕಡಿಮೆ ಇಲ್ಲ. ಇದನ್ನು ಕಾಕತಾಳೀಯವೆನ್ನುವವರು ಅನ್ನಲಿ. ನಮಗೆ ಇದರ ಮೇಲೆ ಪ್ರತ್ಯೇಕ ಪ್ರಬಂಧ ಬರೆಯುವ ಯೋಜನೆಯಿದೆ.

ವ್ಯಾಕ್ಸಿನ ವಿಎಂಎಸ್ ಆಪರೇಟಿಂಗ್ ಸಿಸ್ಟಮ್‌ನಲ್ಲಿ ‘ಡಿಸ್‌ಮೌಂಟ್’ ಎಂಬ ಆಜ್ಞೆ ಕೊಟ್ಟಾಗ ಡಿಸ್ಕ್ ಒಪ್ಪದಿದ್ದರೆ ಅದಕ್ಕೆ ನಾಲ್ಕು ಬಗೆಯ ನಿರ್ಬಂಧಗಳಿರಬಹುದು. ಅವುಗಳನ್ನು ನಾವು ಪುಟಬಂಧ, ಸರದಿಬಂಧ, ಸ್ಥಾಪಿತಬಂಧ, ಉಪಯೋಕ್ತೃಬಂಧ ಎಂದು ವರ್ಗೀಕರಿಸುತ್ತೇವೆ. ಮೆಮೊರಿ ಸಾಲದಾದಾಗ ಬಳಸುವ ಪೇಜ್ ಫೈಲು, ಸ್ವ್ಯಾಪ್ ಫೈಲು ಅದೇ ಡಿಸ್ಕಿನಲ್ಲಿದ್ದರೆ ಪುಟಬಂಧ. ಪ್ರಿಂಟರಿಗೆ ಹೋಗಬೇಕಾದದ್ದು ಅಲ್ಲಿ ಸರದಿ ಕಾಯುತ್ತಿದ್ದರೆ ಸರದಿಬಂಧ. ಸಿಸ್ಟಮ್ ತನ್ನದೆಂದು ನೋಂದಾಯಿಸಿಕೊಂಡ ಪ್ರೋಗ್ರಾಮು ಅಲ್ಲಿದ್ದರೆ ಸ್ಥಾಪಿತಬಂಧ. ಈ ಒಂದೊಂದಕ್ಕೂ ಸೂಕ್ಷ್ಮ, ಸ್ಥೂಲ, ವ್ಯಕ್ತ, ಅವ್ಯಕ್ತ ಎಂದು ನಾಲ್ಕು ಉಪಭೇದ ಹಿಡಿದರೆ ಒಟ್ಟು ಹದಿನಾರು. ಈ ಹದಿನಾರನ್ನೂ ಮುಂದಿನ ಪುಟಗಳಲ್ಲಿ ಉದಾಹರಣೆ ಸಹಿತ ವಿವರಿಸುವುದಾಗಿ ಸಾರಲೇಖದಲ್ಲಿ ಹೇಳಿದ್ದೆವು. ಬೇಡ ಬಿಡಿ. ಹಳೆಯ ಆಪರೇಟರನ್ನು ಯಾರನ್ನೇ ಕೇಳಿ, ನಾಲ್ಕನೆಯದೊಂದನ್ನೇ ಹೇಳುತ್ತಾರೆ: ಯಾರೋ ಫೈಲು ತೆರೆದಿಟ್ಟು ಟೀಗೆ ಹೋಗಿದ್ದಾರೆ.

ಆದರೆ ಒಂದು ಮಾತನ್ನು ಪ್ರಬಂಧದ ಧಾಟಿ ಕೆಟ್ಟರೂ ಹೇಳಲೇಬೇಕು. ಆ ಹಳೆಯ ವಿಎಂಎಸ್, ಇಳಿಸಲಾಗದು ಎನ್ನುವಾಗ ಯಾಕೆಂಬುದನ್ನೂ ಬಾಯಿಬಿಟ್ಟು ಹೇಳುತ್ತಿತ್ತು. ಇಷ್ಟು ಪೇಜ್ ಫೈಲು, ಇಷ್ಟು ಸ್ಥಾಪಿತ ಪ್ರೋಗ್ರಾಮು, ಬಳಕೆದಾರರು ತೆರೆದಿಟ್ಟ ಇಷ್ಟು ಫೈಲು ಎಂದು ಎಣಿಸಿ ಹೇಳುತ್ತಿತ್ತು. ‘ಶೋ ಡಿವೈಸ್/ಫೈಲ್ಸ್’ ಎಂದು ಕೇಳಿದರೆ ಪ್ರೊಸೆಸ್ಸಿನ ಹೆಸರು, ಅದರ ಸಂಖ್ಯೆ, ತೆರೆದಿರುವ ಕಡತದ ಹೆಸರು, ಎಲ್ಲ ಸಾಲಾಗಿ ತೆರೆಯ ಮೇಲೆ. ಆ ಪಟ್ಟಿ ಹಿಡಿದು ಆಪರೇಟರ್ ಫೋನೆತ್ತಿ ‘ಸ್ವಲ್ಪ ಲಾಗೌಟ್ ಆಗ್ತೀರಾ ಸಾರ್?’ ಎಂದು ಕೇಳಿದರೆ ಮುಗಿಯಿತು. ಕೇಳುವ ಮನಸ್ಸಿಲ್ಲದವನಿಗೆ ‘ಓವರ್‌ರೈಡ್’ ಎಂಬ ದಾರಿಯೂ ಇತ್ತು. ಆಗ ಡಿಸ್ಕಿನ ಮೇಲೆ ‘ಇಳಿಸಲು ಗುರುತಿಸಲಾಗಿದೆ’ ಎಂಬ ಮುದ್ರೆ ಬಿದ್ದು, ಹೊಸಬರಾರೂ ಅದರಲ್ಲಿ ಕಡತ ತೆರೆಯುವಂತಿಲ್ಲ, ಹಳಬರು ಮುಗಿಸಿ ಎದ್ದ ಮೇಲೆ ಅದು ತಾನಾಗಿ ಇಳಿಯುತ್ತದೆ. ಪರಿಭಾಷೆಯಲ್ಲಿ ಇದನ್ನು ತ್ರಿಶಂಕ್ವವಸ್ಥೆ ಎನ್ನುತ್ತೇವೆ.

ಯೂನಿಕ್ಸ್ ಪರಂಪರೆ ಮಿತಭಾಷಿ. ಇಳಿಸು ಎಂದರೆ ‘ಡಿವೈಸ್ ಬ್ಯುಸಿ’ ಎನ್ನುತ್ತದೆ. ಅಷ್ಟೇ. ಯಾರಿಂದ, ಯಾಕೆ ಎಂಬ ವಿವರವನ್ನು ಬೇರೆ ಆಜ್ಞೆ ಕೊಟ್ಟು ಹೊರಡಿಸಬೇಕು. ಅದಕ್ಕೆ ಫ್ಯೂಸರ್ ಎಂಬುದೊಂದಿದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿಕ್ ಎಬೆಲ್ ಎಂಬುವರು ಬರೆದ ಎಲ್‌ಸಾಫ್ ಇದೆ. ತೆರೆದಿರುವ ಪ್ರತಿ ಕಡತವನ್ನೂ, ಅದನ್ನು ಹಿಡಿದವನನ್ನೂ ಎಲ್‌ಸಾಫ್ ತಂದು ನಿಲ್ಲಿಸುತ್ತದೆ. ಕಡತವನ್ನು ಅಳಿಸಿದ್ದರೂ ಯಾವುದೋ ಪ್ರೋಗ್ರಾಮು ಅದನ್ನಿನ್ನೂ ತೆರೆದೇ ಇಟ್ಟುಕೊಂಡಿದ್ದರೆ ಡಿಸ್ಕ್ ಇಳಿಯುವುದಿಲ್ಲ. ಹೆಸರು ಹೋಗಿದೆ, ಹಿಡಿತ ಹೋಗಿಲ್ಲ. ಇದನ್ನು ಪ್ರೇತಬಂಧ ಎಂದು ಕರೆದರೆ ವಿದ್ವಾಂಸರು ತಲೆದೂಗುತ್ತಾರೆ. ಕಡತವೇ ಬೇಕೆಂದಿಲ್ಲ, ಆ ಡಿಸ್ಕಿನ ಯಾವುದೋ ಡೈರೆಕ್ಟರಿಯೊಳಗೆ ಒಂದು ಶೆಲ್ ಸುಮ್ಮನೆ ಕೂತಿದ್ದರೂ ಸಾಕು. ಎಷ್ಟೋ ವೇಳೆ ‘ಯಾವನಯ್ಯಾ ಇದನ್ನ ಹಿಡ್ಕೊಂಡಿರೋದು’ ಎಂದು ಬೈಯುತ್ತಿರುವ ಅಡ್ಮಿನ್ ಮಹಾಶಯರೇ ಇನ್ನೊಂದು ಟರ್ಮಿನಲ್ಲಿನಲ್ಲಿ ಆ ಡೈರೆಕ್ಟರಿಯಲ್ಲಿ ಕೂತಿರುತ್ತಾರೆ.

ಇನ್ನು ನೆಟ್‌ವರ್ಕಿನಾಚೆಯ ಡಿಸ್ಕು. ಸನ್ ಕಂಪನಿಯ ಎನ್‌ಎಫ್‌ಎಸ್ ಬಂದ ಮೇಲೆ ಡಿಸ್ಕ್ ಒಂದೂರಿನಲ್ಲಿ, ಅದನ್ನು ಏರಿಸಿಕೊಂಡ ಗಣಕ ಇನ್ನೊಂದೂರಿನಲ್ಲಿ. ಆಚೆಯ ಸರ್ವರ್ ಮಲಗಿದರೆ ಈಚೆಯ ಪ್ರೋಗ್ರಾಮು ಉತ್ತರಕ್ಕೆ ಕಾಯುತ್ತಾ ಗಾಢ ಧ್ಯಾನಕ್ಕೆ ಹೋಗುತ್ತದೆ. ಯೂನಿಕ್ಸಿನ ಬ್ರಹ್ಮಾಸ್ತ್ರವಾದ ‘ಕಿಲ್ ಮೈನಸ್ ನೈನ್’ ಕೂಡ ಅದಕ್ಕೆ ತಾಕದಿರಬಹುದು. ಲಿನಕ್ಸ್ 2.4.11ರಿಂದ ಬಂದ ‘ಲೇಜಿ’ ಅವರೋಹಣ ಇದಕ್ಕೊಂದು ಉಪಾಯ. ಅದು ಡಿಸ್ಕನ್ನು ಡೈರೆಕ್ಟರಿ ಮರದಿಂದ ಈಗಲೇ ಕಿತ್ತು ಕಣ್ಣಿಗೆ ಬೀಳದಂತೆ ಮಾಡುತ್ತದೆ, ನಿಜವಾದ ಬಿಡುಗಡೆಯನ್ನು ಎಲ್ಲರೂ ಕೈಬಿಟ್ಟ ಮೇಲೆ ಮಾಡುತ್ತದೆ. ಇದು ಪರಿಹಾರವೋ ಪಲಾಯನವೋ ಎಂಬ ಚರ್ಚೆಗೆ ವಿಚಾರಸಂಕಿರಣವೊಂದನ್ನು ಏರ್ಪಡಿಸಬಹುದು.

1984ರ ಮೆಕಿಂತೋಷಿನಲ್ಲಿ ಫ್ಲಾಪಿ ಹೊರತೆಗೆಯಲು ಗುಂಡಿಯೇ ಇರಲಿಲ್ಲ. ಫ್ಲಾಪಿಯ ಚಿತ್ರವನ್ನು ಕಸದ ಬುಟ್ಟಿಗೆ ಎಳೆದು ಹಾಕಿದರೆ ಹೊರಬರುತ್ತಿತ್ತು. ಅದಕ್ಕೂ ಬಗ್ಗದಿದ್ದರೆ ಪಕ್ಕದ ಸಣ್ಣ ತೂತಿಗೆ ನೆಟ್ಟಗೆ ಮಾಡಿದ ಪೇಪರ್ ಕ್ಲಿಪ್ಪು. ಪರಿಭಾಷೆ ಬೇಡದ ಏಕೈಕ ವಿಧಾನವಾದ್ದರಿಂದ ನಮ್ಮ ಅಧ್ಯಯನದಲ್ಲಿ ಇದಕ್ಕೆ ಹೆಚ್ಚಿನ ಸ್ಥಾನವಿಲ್ಲ.

ಸಿದ್ಧಾಂತ. ಎಕ್ಸ್‌ಪಿಯಲ್ಲಿ ಪೆನ್‌ಡ್ರೈವ್ ತೆಗೆಯಹೋದಾಗ ಬರುವ ಶಾಸನದ ತಾತ್ಪರ್ಯ ಇದು: ‘ಜೆನೆರಿಕ್ ವಾಲ್ಯೂಮ್’ ಎಂಬ ಸಾಧನವನ್ನು ಈಗ ನಿಲ್ಲಿಸಲಾಗುವುದಿಲ್ಲ, ಆಮೇಲೆ ಪ್ರಯತ್ನಿಸಿ. ಇದನ್ನು ನಾವು ‘ನಾಳೆ ಬಾ’ ಸಿದ್ಧಾಂತ ಎಂದು ಪ್ರತಿಪಾದಿಸುತ್ತೇವೆ. ತೊಂಬತ್ತರ ದಶಕದಲ್ಲಿ ನಮ್ಮ ಬೀದಿಗಳಲ್ಲಿ ದೆವ್ವವನ್ನು ಸಾಗಹಾಕಲು ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರಲ್ಲ, ಓದು ಬಲ್ಲ ಆ ದೆವ್ವ ವಿಧೇಯವಾಗಿ ಹಿಂದಿರುಗಿ ಮರುದಿನ ಬಂದು ಮತ್ತೆ ಅದನ್ನೇ ಓದುತ್ತಿತ್ತಲ್ಲ, ಇಲ್ಲಿ ಬಾಗಿಲು ಯಂತ್ರದ್ದು, ದೆವ್ವ ನಾವು.

ಇಲ್ಲಿಗೆ ನಗೆಚಾಟಿಕೆ ಸಾಕು. ಒಂದು ಕಚೇರಿಯಲ್ಲಿ ಹೀಗೆ ಇಳಿಯದ ಡಿಸ್ಕಿನ ದೂರು ಕೊಟ್ಟಿದ್ದಕ್ಕೆ ನನಗೆ ‘ಮೂಲಕಾರಣ ವಿಶ್ಲೇಷಣೆ’ ಎಂಬ ನಮೂನೆ ತುಂಬಲು ಕೊಟ್ಟರು. ಘಟನೆಯ ವರ್ಗ, ಪರಿಣಾಮದ ಶ್ರೇಣಿ, ಹಿತಾಸಕ್ತರ ಪಟ್ಟಿ, ಪುನರಾವೃತ್ತಿ ತಡೆಯುವ ಕ್ರಮ. ಯಾವ ಪ್ರೋಗ್ರಾಮು ಹಿಡಿದಿತ್ತು ಎಂದು ಬರೆಯಲು ಆ ನಮೂನೆಯಲ್ಲಿ ಜಾಗವೇ ಇರಲಿಲ್ಲ. ಕೊನೆಯ ಅಂಕಣವನ್ನು ಅವರೇ ಮೊದಲು ಅಚ್ಚು ಹಾಕಿಸಿದ್ದರು: ‘ಬಳಕೆದಾರರಲ್ಲಿ ಅರಿವು ಮೂಡಿಸುವುದು’. ಅರಿವು ಯಾರಲ್ಲಿ ಮೂಡಿಸಬೇಕು ಸ್ವಾಮೀ? ಏನೂ ಹೇಳದೆ ಬಾಗಿಲು ಹಾಕಿಕೊಂಡದ್ದು ಯಂತ್ರ. ಅರಿವಿಲ್ಲದವರು ನಾವು!

ನಮ್ಮ ಬೀದಿಯ ಡಿಟಿಪಿ ಅಂಗಡಿಯಲ್ಲಿ ಈಗಲೂ ವಿಂಡೋಸ್ 7 ಓಡುತ್ತದೆ. ಅದಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2020ರ ಜನವರಿಯಲ್ಲೇ ನಿಂತಿದೆ. ಆದರೆ ಹಳೆಯ ಪೇಜ್‌ಮೇಕರ್, ನುಡಿ ತಂತ್ರಾಂಶದಲ್ಲಿ ಟೈಪಿಸಿದ ಹಳೆಯ ಕಡತಗಳು, ಹಳೆಯ ಪ್ರಿಂಟರ್ ಎಲ್ಲಕ್ಕೂ ಅದೇ ಬೇಕು. ಲಗ್ನಪತ್ರಿಕೆ, ಜಮೀನಿನ ತಕರಾರು ಅರ್ಜಿ, ಪಿಎಚ್‌ಡಿ ಪ್ರಬಂಧದ ಅಧ್ಯಾಯ ಎಲ್ಲ ಅಲ್ಲಿಗೆ ಪೆನ್‌ಡ್ರೈವಿನಲ್ಲೇ ಬಂದು ಪೆನ್‌ಡ್ರೈವಿನಲ್ಲೇ ಹೋಗುತ್ತವೆ. ಅಂಗಡಿಯ ಹುಡುಗಿ ಶಿಸ್ತಾಗಿ ಬಲಗಡೆ ಮೂಲೆಯ ಚಿಹ್ನೆ ಒತ್ತುತ್ತಾಳೆ. ಸಾಧನ ಬಳಕೆಯಲ್ಲಿದೆ, ಅದನ್ನು ಬಳಸುತ್ತಿರಬಹುದಾದ ಪ್ರೋಗ್ರಾಮು ಅಥವಾ ವಿಂಡೋ ಮುಚ್ಚಿ ಮತ್ತೆ ಪ್ರಯತ್ನಿಸಿ ಎನ್ನುತ್ತದೆ. ಎಲ್ಲವನ್ನೂ ಮುಚ್ಚುತ್ತಾಳೆ. ಮತ್ತೆ ಅದೇ ಮಾತು. ಕೌಂಟರಿನಾಚೆ ಗಿರಾಕಿಗೆ ಬಸ್ಸಿನ ಅವಸರ. ಕಿತ್ತುಕೊಡುತ್ತಾಳೆ. ಹೆಚ್ಚಿನ ಸಲ ಏನೂ ಆಗುವುದಿಲ್ಲ. ಆದರೆ ಬರವಣಿಗೆ ಇನ್ನೂ ನಡೆಯುತ್ತಿರುವಾಗ ಕಿತ್ತರೆ ಯಾವ ಕಡತ ಎಲ್ಲಿದೆ ಎಂಬ ಕೋಷ್ಟಕವೇ ಕೆಟ್ಟು, ಫೋಲ್ಡರಿನ ತುಂಬ ಚೌಕ, ಪ್ರಶ್ನಾರ್ಥಕ ಚಿಹ್ನೆಗಳ ಹೆಸರುಗಳು ಕಾಣಿಸಿಕೊಳ್ಳುತ್ತವೆ. ಆಗ ಎಲ್ಲರೂ ಅವಳಿಗೇ ಹೇಳುವುದು: ‘ನೀನು ಸರಿಯಾಗಿ ತೆಗೀಲಿಲ್ಲ.’ ಮಾಸ್ತರೊಬ್ಬರು ನಿವೃತ್ತಿಯ ನಂತರ ಕೂತು ಬರೆದ ಊರಿನ ಇತಿಹಾಸದ ಬೇರೆ ಪ್ರತಿ ಇಲ್ಲದಿದ್ದರೆ ಅದು ಹೋಯಿತು. ಅದನ್ನು ಯಾವ ಅಂಕಣದಲ್ಲಿ ತುಂಬಿಸುವುದು?

ಅದಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಇನ್ನೊಂದಿದೆ (ಮೀಮಾಂಸಕರ ಐದನೆಯ ಅಂಗ ಇದೇ ಎಂದು ತಿಳಿದುಕೊಳ್ಳಿ). ಯಾರು ಹಿಡಿದಿದ್ದಾರೆಂದು ವಿಂಡೋಸ್ 7ಕ್ಕೆ ಗೊತ್ತಿರುತ್ತದೆ. ‘ಬಳಸುತ್ತಿರಬಹುದಾದ’ ಎಂದು ನಮಗೆ ಹೇಳುವ ಹೊತ್ತಿನಲ್ಲೇ ಅದು ತಪ್ಪಿತಸ್ಥನ ಹೆಸರನ್ನೂ ಪ್ರೊಸೆಸ್ ಸಂಖ್ಯೆಯನ್ನೂ ತನ್ನ ದಾಖಲೆಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಈವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಕೆಳಗೆ ಸಿಸ್ಟಮ್ ಒತ್ತಿ, ಕರ್ನಲ್-ಪಿಎನ್‌ಪಿ ಎಂಬ ಮೂಲದ, 225 ಸಂಖ್ಯೆಯ ಸಾಲನ್ನು ಹುಡುಕಿ. ಇಂಥ ಅಪ್ಲಿಕೇಷನ್, ಇಂಥ ಸಂಖ್ಯೆಯದು, ಈ ಸಾಧನ ತೆಗೆಯುವುದನ್ನು ತಡೆಯಿತು ಎಂದು ಅಲ್ಲಿರುತ್ತದೆ. ವ್ಯಾಕ್ಸಿನ ಆಪರೇಟರಿಗೆ ಒಂದೇ ಆಜ್ಞೆಗೆ ಸಿಗುತ್ತಿದ್ದ ವಿವರವನ್ನು ಮೂರು ಬಾಗಿಲ ಹಿಂದೆ ಬಚ್ಚಿಟ್ಟು, ಎದುರಿಗೆ ಕೂತವಳ ಮುಂದೆ ಮಾತ್ರ ಏನೂ ತಿಳಿಯದ ಮುಖ ಮಾಡುವುದಕ್ಕೆ ಯಾವ ಪರಿಭಾಷೆಯೂ ನನಗೆ ತೋಚುತ್ತಿಲ್ಲ.

ಅವಳಿಗೆ ಆ ಜಾಗ ತೋರಿಸಿದೆ. ಮೊನ್ನೆ ಒಂದು ಡ್ರೈವು ಪಟ್ಟು ಹಿಡಿದಾಗ ತಾನೇ ಹೋಗಿ 225 ಹುಡುಕಿ, ಉದ್ದನೆಯ ಸಾಲಿನ ಮೇಲೆ ಬೆರಳಿಟ್ಟು ಕೂಡಿಸಿಕೊಂಡು ಓದಿದಳು.

“ಸರ್, ಇದ್ರಲ್ಲಿ ಎಕ್ಸ್‌ಪ್ಲೋರರ್ ಅಂತ ಇದೆ. ಅದು ವಿಂಡೋಸಿಂದೇ ಅಲ್ವಾ?”

“ಹೌದಮ್ಮ.”

“ಮತ್ತೆ ನನಗ್ಯಾಕೆ ಮುಚ್ಚು ಮುಚ್ಚು ಅಂತಿತ್ತು?”